ನೀರು, ಸಾವು, ಮೂರನೆಯದಿಲ್ಲ

ಆ ದಿನ ಬೆಳಗ್ಗೆ ಮಾಲತೇಶನ ಬಲಗೈ ಕೆಸರಾಗದೆ ಇದ್ದಿದ್ದರೆ ಚೌಡಪ್ಪಜ್ಜ ಸಾಯುತ್ತಿರಲಿಲ್ಲ. ಕೈ ಶುದ್ಧವಾಗಿದ್ದರೆ ಅವನು ಮೊಬೈಲಿನಲ್ಲಿ ಎರಡು ಸಾಲು ಬರೆಯುತ್ತಿದ್ದ. ಕೆಸರಾಗಿದ್ದರಿಂದ ಎಡಗೈಯಲ್ಲಿ ಹೇಗೋ ಒಂದು ಫೋಟೋ ತೆಗೆದು 'ಕಾಲುವೆ ನೀರು' ಎಂಬ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟ.

ಗುಂಪು ಕಟ್ಟಿದವನು ಮಾಲತೇಶನೇ. ಅಂಜನಾಪುರದ ಕಾಲುವೆಯ ತುದಿಯಲ್ಲಿರುವ ಊರು ಅವನದು. ಅಲ್ಲಿ ಒಬ್ಬೊಬ್ಬರ ಗದ್ದೆಗೆ ಹನ್ನೆರಡು ದಿನಕ್ಕೊಮ್ಮೆ ನೀರಿನ ಸರದಿ. ಯಾರ ಸರದಿ ಯಾವತ್ತು ಎಂದು ನೀರುಗಂಟಿ ತೋಟಪ್ಪ ಮನೆಮನೆಗೆ ಹೋಗಿ ಹೇಳುವ ಬದಲು ಒಂದೇ ಕಡೆ ಹಾಕಲಿ ಎಂದು ಮೂರು ವರ್ಷದ ಹಿಂದೆ ಕಟ್ಟಿದ ಗುಂಪು, ಸುತ್ತಲಿನ ನಾಲ್ಕು ಊರು ಸೇರಿ ನೂರಾ ಹದಿನೆಂಟು ಜನರಾಗಿ ಬೆಳೆದಿತ್ತು. ಮೊದಲ ತಿಂಗಳು ಅದರಲ್ಲಿ ನೀರು ಹರಿಯಿತು. ಆಮೇಲೆ ಶುಭೋದಯದ ಗುಲಾಬಿಗಳು ಬಂದವು, ಸಕ್ಕರೆ ಕಾಯಿಲೆಗೆ ಸೊಪ್ಪಿನ ಕಷಾಯ ಬಂತು, ಹಳೇ ಟ್ರ್ಯಾಕ್ಟರ್ ಟೈರು ಮಾರಾಟಕ್ಕೆ ಬಂತು. ಕಡೆಗೆ ಒಂದು ದಿನ ಮಾಲತೇಶನ ಸರದಿಯ ಸಂದೇಶ ಯಾರದೋ ಮೊಮ್ಮಗನ ಮೊದಲ ಹುಟ್ಟುಹಬ್ಬದ ನಲವತ್ಮೂರು ಶುಭಾಶಯಗಳ ಅಡಿಗೆ ಬಿದ್ದು ಮುಚ್ಚಿಹೋಯಿತು. ಅವನು ಕೆದಕಿ ನೋಡುವಷ್ಟರಲ್ಲಿ ನೀರು ಬೇರೆಯವರ ಗದ್ದೆ ಸೇರಿತ್ತು.

ಹಾಗಾಗಿ ಹೋದ ವರ್ಷ ಹಾಲಿನ ಡೈರಿಯ ಜಗಲಿಯಲ್ಲಿ ಸಭೆ ಸೇರಿತು. ಗುಂಪಿನಲ್ಲಿ ಏನಿರಬೇಕು, ಏನಿರಬಾರದು ಎಂದು ಎರಡು ಗಂಟೆ ಜಗಳವಾಯಿತು. ಬೇರೆಯವರು ಹಾಕುವುದೆಲ್ಲ ಕಸ, ತಾನು ಹಾಕುವುದು ಮಾತ್ರ ಅಗತ್ಯ ಎನ್ನುವುದರಲ್ಲಿ ಎಲ್ಲರೂ ಒಂದೇ ಅಭಿಪ್ರಾಯದವರಾಗಿದ್ದರು. ಮದುವೆ ಕರೆಯೋಲೆ ಬೇಡ ಎಂದಾಯಿತು. ಕಳೆದ ಎಮ್ಮೆ ಬೇಡ ಎಂದಾಯಿತು. ಆಗ ನಿವೃತ್ತ ಹೆಡ್‌ಮೇಷ್ಟ್ರು ಮಲ್ಲಿಕಾರ್ಜುನಪ್ಪನವರು ಕನ್ನಡಕ ಒರೆಸುತ್ತ, ಹಾಗಾದರೆ ಸಾವು ಎಂದು ಕೇಳಿದರು. ಎಲ್ಲರಿಗೂ ತಂತಮ್ಮದೇ ನೆನಪಾಗಿರಬೇಕು, ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೇಷ್ಟ್ರು ಡೈರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದರು: ಒಂದು, ನೀರಿನ ವಿಷಯ. ಎರಡು, ಸಾವಿನ ವಿಷಯ. ಮೂರನೆಯದಿಲ್ಲ.

ಅದಕ್ಕೊಂದು ಬಾಲ ಸೇರಿಸಿದವನು ಮಾಲತೇಶ. ಫೋಟೋ ಬಂದರೆ ಮೊಬೈಲಿನ ಹೊಟ್ಟೆ ತುಂಬುತ್ತದೆ, ಆದ್ದರಿಂದ ನೀರಿನ ವಿಷಯ ಅಕ್ಷರದಲ್ಲೇ ಇರಲಿ, ಫೋಟೋ ಸತ್ತವರದ್ದು ಮಾತ್ರ ಇರಲಿ ಎಂದ. ಅದಕ್ಕೂ ಎಲ್ಲರೂ ಕೈ ಎತ್ತಿದರು. ಅಂದಿನಿಂದ ಗುಂಪು ಕನ್ನಡಿಯಷ್ಟು ಸ್ವಚ್ಛ. ಫೋಟೋ ಬಂತೆಂದರೆ ಅದರಲ್ಲಿದ್ದವರು ಹೋದರು ಎಂದೇ ಲೆಕ್ಕ. ಕೆಳಗೆ ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ, ಹೆಬ್ಬೆರಳು ತಾನಾಗಿಯೇ 'ಓಂ ಶಾಂತಿ' ಒತ್ತುತ್ತಿತ್ತು.

ಈಗ ಈ ದಿನಕ್ಕೆ ಬರೋಣ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಾಲತೇಶನ ಸರದಿ. ಸಸಿಗೆ ಮೂವತ್ತು ದಿನ ತುಂಬಿತ್ತು. ಅವನೂ ಹೆಂಡತಿ ನಯನಳೂ ಹಿಂದಿನ ದಿನವೆಲ್ಲ ಬಗ್ಗಿ ಸಸಿ ಕಿತ್ತು, ಕಟ್ಟು ಕಟ್ಟಿ ಬದುವಿನ ಮೇಲೆ ಸಾಲಾಗಿ ಇಟ್ಟಿದ್ದರು. ಮೂರು ವಾರ ಮೊದಲೇ ಹೇಳಿಟ್ಟಿದ್ದ ನಾಗವೇಣಿಯ ಗ್ಯಾಂಗಿನ ಹದಿನಾಲ್ಕು ಹೆಂಗಸರು ಪಕ್ಕದೂರಿನಿಂದ ಗೂಡ್ಸ್ ಆಟೋದಲ್ಲಿ ಬಂದು ಸೆರಗು ಕಟ್ಟಿ ನಿಂತಿದ್ದರು. ಇವತ್ತು ನಾಟಿ ತಪ್ಪಿದರೆ ಕಿತ್ತ ಸಸಿ ಒಣಗುತ್ತದೆ, ಮುಂದಿನ ನೀರಿಗೆ ಹನ್ನೆರಡು ದಿನ, ಈ ಆಳು ಮತ್ತೆ ಸಿಗುವುದಕ್ಕೆ ಒಂದು ತಿಂಗಳು. ಅಂದರೆ ಈ ಸಲದ ಭತ್ತವೇ ಇಲ್ಲ.

ಎಂಟೂಕಾಲಾದರೂ ನೀರು ಸಣ್ಣಗೆ ಬರುತ್ತಿತ್ತು. ಮಾಲತೇಶ ಮೇಲಿನ ತೂಬಿಗೆ ಹೋಗಿ ನೋಡಿದರೆ ಅದರ ಬಾಯಿಗೆ ಯಾರೋ ಹುಲ್ಲಿನ ಹೊರೆಯನ್ನೇ ತುರುಕಿದ್ದರು. ತೂಬಿನ ಕಟ್ಟೆಗೆ ಒರಗಿಕೊಂಡು ಚೌಡಪ್ಪಜ್ಜ ಬಿಸಿಲು ಕಾಯುತ್ತಿದ್ದ. ಪಕ್ಕದ ಗದ್ದೆಯವನು, ಎಪ್ಪತ್ನಾಲ್ಕು ವರ್ಷ. ಎರಡು ದಿನದ ಹಿಂದೆ ತನ್ನ ಸರದಿಯ ನೀರಿನಲ್ಲಿ ಗದ್ದೆ ಹದ ಮಾಡಿಸಿ, ನಾಟಿಗೆ ಆಳು ಸಿಗದೆ ದಿನಾ ಅಲ್ಲಿ ಬಂದು ಕೂರುತ್ತಿದ್ದ. ಆಗ ಅವನಿಗೆ ಒಂದು ಜೋಂಪು ಹತ್ತಿತ್ತು. ಕಣ್ಣು ಮುಚ್ಚಿತ್ತು, ಬಾಯಿ ಅರ್ಧ ತೆರೆದಿತ್ತು, ಕುತ್ತಿಗೆ ಒಂದು ಕಡೆ ವಾಲಿತ್ತು. ಮಾಲತೇಶ ಫೋನು ಮಾಡಿದರೆ ತೋಟಪ್ಪ ಎತ್ತಲಿಲ್ಲ. ಹುಲ್ಲು ತುರುಕಿದ್ದನ್ನು ಅವನ ಕಣ್ಣಿಗೆ ತೋರಿಸಬೇಕೆಂಬ ಸಿಟ್ಟಿನಲ್ಲಿ ಮಾಲತೇಶ ಫೋಟೋ ತೆಗೆದು ಗುಂಪಿಗೆ ಹಾಕಿದ. ಮೊಬೈಲನ್ನು ಅಂಗಿಯ ಜೇಬಿಗಿಟ್ಟು, ಅಂಗಿಯನ್ನು ಗಿಡಕ್ಕೆ ನೇತುಹಾಕಿ, ಹುಲ್ಲು ಎಳೆಯಲು ನೀರಿಗೆ ಇಳಿದ.

ಅರ್ಧ ಗಂಟೆ ಬಿಟ್ಟು ಮೇಲೆ ಬಂದು ಮೊಬೈಲ್ ನೋಡಿದರೆ ಅರವತ್ತೊಂದು ಓಂ ಶಾಂತಿ.

ಯಾರಪ್ಪ ಹೋದರು ಎಂದು ಅವನು ಬೆರಳಿನಿಂದ ಮೇಲೆ ಮೇಲೆ ತಳ್ಳಿದ. ಓಂ ಶಾಂತಿಗಳೆಲ್ಲ ಮುಗಿದ ಮೇಲೆ ಅವನು ಕಳಿಸಿದ್ದ ಫೋಟೋವೇ ಬಂತು. ಅದರಲ್ಲಿ ತೂಬೂ ಇತ್ತು, ಹುಲ್ಲೂ ಇತ್ತು. ಆದರೆ ಎದ್ದು ಕಾಣುತ್ತಿದ್ದುದು ಬಾಯಿ ತೆರೆದ ಚೌಡಪ್ಪಜ್ಜ. ಮಾಲತೇಶ ತಿರುಗಿ ಕಟ್ಟೆ ನೋಡಿದ. ಅಜ್ಜ ಅಲ್ಲಿರಲಿಲ್ಲ.

ಅವನು ಓಡಿಕೊಂಡು ಗದ್ದೆಗೆ ಬಂದಾಗ ನೀರು ನಿಂತಿತ್ತು, ಹೆಂಗಸರು ಕಾಲು ತೊಳೆಯುತ್ತಿದ್ದರು. ಆ ಸೀಮೆಯಲ್ಲಿ ಹಿಂದಿನಿಂದ ಬಂದ ಪದ್ಧತಿ ಒಂದಿತ್ತು. ಊರಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರೂ ತಮ್ಮ ಗದ್ದೆಗೆ ಇಳಿಯುವ ಹಾಗಿಲ್ಲ. ಆದರೆ ಸತ್ತವರ ಮನೆಯ ಗದ್ದೆ ಕಾಯಬಾರದು. ಇದ್ದಬದ್ದ ನೀರನ್ನು ಅಲ್ಲಿಗೆ ತಿರುಗಿಸಿ, ಊರಿನ ಕೈಗಳೆಲ್ಲ ಅಲ್ಲಿಗೆ ಹೋಗಿ, ಕೂಲಿ ಮುಟ್ಟದೆ ಕೆಲಸ ಮುಗಿಸಿಕೊಡಬೇಕು.

"ಅಜ್ಜನ ಗದ್ದಿ ಹದ ಮಾಡಿ ಮಡಗ್ಯಾರೆ ಮಾಲತೇಶಣ್ಣ. ನಾವು ಅಲ್ಲಿಗೆ ಹೋಗ್ತೀವಿ. ನೀವೂ ಬರ್ರಿ," ಎಂದಳು ನಾಗವೇಣಿ.

ಅಜ್ಜ ಸತ್ತಿಲ್ಲ, ಈಗ ತಾನೇ ನೋಡಿದೆ, ನಿದ್ದೆ ಮಾಡುತ್ತಿದ್ದ ಎಂದು ಮಾಲತೇಶ ಬಡಕೊಂಡ. ಹಾಗಾದರೆ ತೋರಿಸಿ ಎಂದರು. ತೋರಿಸಲು ಅಜ್ಜ ಎಲ್ಲಿದ್ದಾನೆ? ಅಷ್ಟರಲ್ಲಿ ಯಾರೋ ಗುಂಪಿನಲ್ಲಿ ಬರೆದರು, ಎಂಟು ನಲವತ್ತಕ್ಕೆ ರಸ್ತೆಯಲ್ಲಿ ಇಬ್ಬರು ಅಜ್ಜನನ್ನು ಎತ್ತಿ ಗಾಡಿಗೆ ಹಾಕಿದ್ದನ್ನು ಕಂಡೆ, ಶಿಕಾರಿಪುರದ ಆಸ್ಪತ್ರೆಗೆ ಒಯ್ದಿರಬೇಕು, ಸಂಜೆಗೆ ತರುತ್ತಾರೆ ಎಂದು. ಅದಕ್ಕೆ ಮತ್ತೆ ಇಪ್ಪತ್ತು ಓಂ ಶಾಂತಿ ಬಿದ್ದವು. ಇವತ್ತು ಇವನದೇ ಸರದಿ, ನೀರಿನ ಆಸೆಗೆ ಹೆಣವನ್ನೂ ಬದುಕಿಸುತ್ತಾನೆ ಎಂದು ಹೆಂಗಸೊಬ್ಬಳು ಮೂಗಿನ ಮೇಲೆ ಬೆರಳಿಟ್ಟಳು.

ಮಾಲತೇಶ ಚೌಡಪ್ಪಜ್ಜನ ಮನೆಗೆ ಓಡಿದ. ಅಲ್ಲಿ ಅಂಗಳದ ತುಂಬ ಜನ. ಅಜ್ಜನ ಹೆಂಡತಿ ತುಂಗಮ್ಮಜ್ಜಿ ನಡುವೆ ಕೂತು ಎಲ್ಲರನ್ನೂ ಬೈಯುತ್ತಿದ್ದಳು. ಸೊರಬದಲ್ಲಿರುವ ಮಗಳು ಮಮತಾಳ ಮನೆಗೆ ಹೋಗುತ್ತೇನೆಂದು ಗಂಡ ಬಸ್ಸು ಹತ್ತಿದ್ದಾನೆ ಎಂಬುದು ಅವಳ ವಾದ.

"ಸಾಯೋನು ಇಸ್ತ್ರಿ ಪಂಚಿ ಉಟ್ಕಂಡು, ಕೈಚೀಲದಾಗ ಚಕ್ಕಲಿ ಹಾಕ್ಕಂಡು ಹೋಗ್ತಾನೇನ್ರೇ?"

ಸುತ್ತ ಕೂತವರು ಅವಳ ಬೆನ್ನು ಸವರಿ, ಪಾಪ, ಆಘಾತಕ್ಕೆ ತಲೆ ಕೆಟ್ಟಿದೆ ಎಂದು ಕಣ್ಣೊರೆಸಿಕೊಂಡರು. ಮಮತಾಳಿಗೆ ಆಗಲೇ ಫೋನು ಹೋಗಿತ್ತು. ಅವಳು ಗಂಡನ ಮನೆಯವರನ್ನೆಲ್ಲ ಎರಡು ಕಾರಿನಲ್ಲಿ ತುಂಬಿಕೊಂಡು ಸೊರಬ ಬಿಟ್ಟಾಗಿತ್ತು. ಫೋನಿನಲ್ಲಿ ಅವಳ ಅಳು ಕೇಳುತ್ತಿತ್ತೇ ಹೊರತು ಅವಳಿಗೆ ಇನ್ನೊಬ್ಬರ ಮಾತು ಕೇಳುತ್ತಿರಲಿಲ್ಲ.

ಮಾಲತೇಶ ಮೊದಲು ಫೋಟೋ ಅಳಿಸಿದ. ಮನೆಯವರಿಗೆ ಬಾಯಿ ತೆರೆದ ಫೋಟೋ ಇಷ್ಟವಾಗಿರಲಿಕ್ಕಿಲ್ಲ ಎಂದುಕೊಂಡು ಯಾರೋ ಒಂದು ಮದುವೆಯಲ್ಲಿ ತೆಗೆದ ಒಳ್ಳೆಯ ಫೋಟೋ ಹಾಕಿದರು. ಆಮೇಲೆ ಅವನು 'ಚೌಡಪ್ಪಜ್ಜ ಬದುಕಿದ್ದಾರೆ' ಎಂದು ಬರೆದ. ಒಂದೇ ನಿಮಿಷಕ್ಕೆ ಅದು ಮಾಯವಾಯಿತು. ಮತ್ತೆ ಬರೆದ, ಮತ್ತೆ ಮಾಯ. ಗುಂಪಿನ ಇನ್ನೊಬ್ಬ ಅಡ್ಮಿನ್ ಮಲ್ಲಿಕಾರ್ಜುನಪ್ಪನವರು. ಅವರಿಗೇ ಫೋನು ಮಾಡಿದ.

"ಬಹಳ ಸಂತೋಷ ಮಾಲತೇಶ. ಆದ್ರೆ ಇದು ನೀರಿನ ವಿಷಯಾನೋ, ಸಾವಿನ ವಿಷಯಾನೋ?"

"ಸಾಯದೇ ಇರೋ ವಿಷಯ ಮೇಷ್ಟ್ರೇ."

"ಅದು ಮೂರನೇದಾಯ್ತು. ಮೂರನೇದು ಬೇಡ ಅಂತ ಮೊದಲು ಕೈ ಎತ್ತಿದೋನು ನೀನು. ಭಾನುವಾರ ಸಭೆ ಕರಿ, ನಿಯಮ ತಿದ್ದೋಣ. ಅಲ್ಲಿ ತನಕ ನನ್ನ ಕೈ ಕಟ್ಟಿದೆ."

ಇನ್ನು ಉಳಿದದ್ದು ಒಂದೇ ದಾರಿ, ಅಜ್ಜನನ್ನು ಜೀವಸಹಿತ ತಂದು ಬದುವಿನ ಮೇಲೆ ನಿಲ್ಲಿಸುವುದು. ಮಾಲತೇಶ ಬೈಕ್ ಹತ್ತಿ ಸೊರಬದ ಕಡೆ ಹೊರಟ. ಶಿರಾಳಕೊಪ್ಪ ದಾಟಿದ ಮೇಲೆ ಎದುರಿನಿಂದ ಎರಡು ಕಾರು ಒಂದರ ಹಿಂದೆ ಒಂದು ಹೋದವು. ಮೊದಲನೆಯದರ ಕಿಟಕಿಯಿಂದ ಒಂದು ಹೂವಿನ ಹಾರ ಹೊರಗೆ ಹಾರಾಡುತ್ತಿತ್ತು.

ಚೌಡಪ್ಪಜ್ಜ ಸಿಕ್ಕಿದ್ದು ಸೊರಬದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ಮಿರ್ಚಿ ತಿನ್ನುತ್ತ. ಬಸ್ಸಿನ ಮೆಟ್ಟಿಲು ಎತ್ತರ, ಊರಲ್ಲಿ ಇಬ್ಬರು ಎತ್ತಿ ಹತ್ತಿಸಬೇಕಾಯಿತು, ಇಲ್ಲಿ ಬಂದರೆ ಮಗಳ ಮನೆಗೆ ಬೀಗ ಹಾಕಿದೆ, ಎಲ್ಲಿ ಹೋದಳೋ ಗೊತ್ತಿಲ್ಲ ಎಂದು ದೂರಿದ. ನಿಮ್ಮ ಮಣ್ಣಿಗೆ ಹೋಗಿದ್ದಾಳೆ ಎಂದು ಮಾಲತೇಶ ಹೇಳಬೇಕಾಯಿತು.

ಅಜ್ಜನಿಗೆ ಫೋನಿಲ್ಲ, ಓದಲು ಬರುವುದಿಲ್ಲ. ವಿಷಯ ತಿಳಿದು ಅವನು ಒಂದು ಕ್ಷಣ ಬೆಚ್ಚಿದ್ದು ನಿಜ. ಆಮೇಲೆ ಯಾರು ಯಾರು ಏನೇನು ಬರೆದಿದ್ದಾರೆ ಓದು ಎಂದ. ಮಾಲತೇಶ ಒಂದೊಂದಾಗಿ ಓದಿದ. 'ಧರ್ಮಾತ್ಮ' ಎಂದು ಬರೆದವನು ಬದುವಿನ ವಿಷಯಕ್ಕೆ ಅಜ್ಜನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದವನು. ಅದನ್ನು ಎರಡು ಸಲ ಓದಿಸಿಕೊಂಡ ಅಜ್ಜ, ಟೀ ತರಿಸಿ ನಗುತ್ತ ಕೂತ. ಇದೇ ಸಮಯವೆಂದು ಮಾಲತೇಶ ಅವನ ಫೋಟೋ ತೆಗೆದು, 'ಸೊರಬದಲ್ಲಿ ಈಗ ಟೀ ಕುಡಿಯುತ್ತಿದ್ದಾರೆ' ಎಂದು ಕೆಳಗೆ ಬರೆದು ಗುಂಪಿಗೆ ಹಾಕಿದ. ಫೋಟೋ ಆದ್ದರಿಂದ ಮೇಷ್ಟ್ರು ಅಳಿಸಲಿಲ್ಲ. ಎಂಥ ನಗುಮುಖ ಎಂದು ಒಬ್ಬರು ಬರೆದರು. ಇದು ಫ್ಲೆಕ್ಸಿಗೆ ಚೆನ್ನಾಗಿದೆ ಎಂದು ಇನ್ನೊಬ್ಬರು. ಅದಾದ ಮೇಲೆ ಮೂವತ್ತೆರಡು ಓಂ ಶಾಂತಿ.

ಅಜ್ಜ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದ.

"ನಮ್ಮ ಗದ್ದೀಗೆ ನೀರು ತಿರುವ್ಯಾರಾ?"

"ತಿರುವಿದಾರೆ ಅಜ್ಜ. ನನ್ನ ನೀರು."

"ಆಳು?"

"ನಾಗವೇಣಿ ಗ್ಯಾಂಗು, ಹದಿನಾಲ್ಕು ಜನ. ಅವರೂ ನನ್ನೋರೇ. ಬೇಗ ಏಳ್ರಿ."

ಚೌಡಪ್ಪಜ್ಜ ಏಳಲಿಲ್ಲ. ಹೋಟೆಲಿನವನನ್ನು ಕರೆದು ಇನ್ನೊಂದು ಟೀ ಹೇಳಿದ.

"ನಾಕು ಗಂಟಿ ಬಸ್ಸಿಗೆ ಹೋದ್ರಾತು ತಗ. ಈಗ ಹೋದ್ರೆ ಅವರ ಕೈಗೆ ತ್ರಾಸು ಕೊಟ್ಟಂಗಾಕ್ಕತಿ. ಒಂದು ತಿಂಗಳಾತು ಮಾಲ್ತೇಶ, ನನಗ ಒಂದು ಆಳು ಸಿಕ್ಕಿಲ್ಲ. ನಾನೇನು ಸತ್ತೀನಿ ಅಂತ ಹೇಳೀನಾ? ಹೇಳಿದೋನು ನೀನು."

ಮುಪ್ಪಿನ ಮುದುಕನೊಬ್ಬ ತನ್ನ ಸಾವಿನಿಂದ ಇಷ್ಟು ಲಾಭ ಮಾಡಿಕೊಳ್ಳಬಹುದೆಂದು ಮಾಲತೇಶ ಕನಸಿನಲ್ಲೂ ಎಣಿಸಿರಲಿಲ್ಲ. ಕೈ ಮುಗಿದ, ಸಸಿ ಒಣಗುತ್ತಿದೆ ಎಂದ, ಹೆಂಡತಿ ಅಳುತ್ತಿದ್ದಾಳೆ ಎಂದ. ಅಜ್ಜನ ಕಣ್ಣಲ್ಲೂ ನೀರು ಬಂತು. ಆದರೂ ಬೈಕ್ ಹತ್ತಲು ಮಾತ್ರ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಬೈಕಿನ ಮೇಲೆ ಹೋದರೆ ಜೀವಕ್ಕೆ ಅಪಾಯ ಎಂದ.

ನಾಲ್ಕರ ಬಸ್ಸು ಹೊರಟಿತು. ಮಾಲತೇಶ ಅದರ ಹಿಂದೆ ಹೊಗೆ ಕುಡಿಯುತ್ತ ಬೈಕಿನಲ್ಲಿ ಬಂದ. ಊರಿನ ನಿಲ್ದಾಣದಲ್ಲಿ ಆಗಲೇ ಫ್ಲೆಕ್ಸ್ ಕಟ್ಟಿತ್ತು. ಟೀ ಲೋಟವನ್ನು ಕತ್ತರಿಸಿ ತೆಗೆದ ನಗುಮುಖದ ಅಡಿಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ ಎಂದಿತ್ತು. ಅದರ ಕೆಳಗೆ ಹೆಣದ ಗಾಡಿಗೆ ಕಾಯುತ್ತಿದ್ದ ಜನರ ನಡುವೆ ಬಸ್ಸು ನಿಂತು, ಚೌಡಪ್ಪಜ್ಜ ಚಕ್ಕಲಿ ಚೀಲ ಹಿಡಿದು ಇಳಿದ. ಮಮತಾ ಅಪ್ಪನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಆಮೇಲೆ ಅವಳೂ ಊರೂ ಒಟ್ಟಿಗೆ ಮಾಲತೇಶನ ಕಡೆ ತಿರುಗಿದರು. ಅಲ್ಲಿ ಅವನು ಕೇಳಿಸಿಕೊಂಡದ್ದನ್ನು ಬರೆಯುವುದು ಬೇಡ. ಅಜ್ಜ ಎಲ್ಲರನ್ನೂ ಮನೆಗೆ ಕಾಫಿಗೆ ಕರೆದ, ಫ್ಲೆಕ್ಸನ್ನು ಜೋಪಾನವಾಗಿ ಬಿಚ್ಚಿಸಿಕೊಂಡ.

ಮಾಲತೇಶ ಗದ್ದೆಗೆ ಓಡಿದ. ಚೌಡಪ್ಪಜ್ಜನ ಒಂದೂವರೆ ಎಕರೆ ತುಂಬ ಹಸಿರು ಸಾಲು ನಿಂತಿತ್ತು. ತನ್ನ ಒಂದೂವರೆ ಎಕರೆ ಖಾಲಿ. ಬದುವಿನ ಮೇಲೆ ಒಂದು ಸಸಿ ಕಟ್ಟೂ ಇರಲಿಲ್ಲ. ನಯನ ಮೊಣಕಾಲಿನವರೆಗೆ ಕೆಸರಾಗಿ ಕೂತಿದ್ದಳು. ಗಂಡ ಕೇಳುವ ಮೊದಲೇ ಅವಳು ಹೇಳಿದಳು.

"ಅಜ್ಜನ ಸಸಿ ಕೀಳೋಕೆ ಹೊತ್ತಾಗುತ್ತೆ, ಕಿತ್ತಿಟ್ಟಿದ್ದೇ ಇದೆಯಲ್ಲ ಅಂತ ನಮ್ಮದನ್ನೇ ಹಚ್ಚಿದರು ರೀ. ಬದುಕಿದಾರೆ ಅಂತ ಕೂಗಿ ಕೂಗಿ ನನ್ನ ಗಂಟಲು ಬಿದ್ದು ಹೋಯ್ತು. ನಮ್ಮ ಸಸಿ ಅಲ್ಲವಾ, ಡೊಂಕು ಹಚ್ಚೋದು ನೋಡೋಕಾಗಲಿಲ್ಲ. ಕೊನೆಗೆ ನಾನೂ ಇಳಿದೆ."

ಅಜ್ಜನ ಸಸಿಮಡಿ ಇನ್ನೂ ಹಾಗೇ ಇತ್ತು, ಕೇಳಿದರೆ ಕೊಡುತ್ತಿದ್ದ. ಆದರೆ ನೀರೆಲ್ಲಿ, ಆಳೆಲ್ಲಿ?

ಕತ್ತಲಾಗುವ ಮೊದಲೇ ಡೈರಿ ಜಗಲಿಗೆ ಕರೆ ಬಂತು. ಊರೆಲ್ಲ ಅಜ್ಜನ ಮನೆಯ ಕಾಫಿಗೆ ಹೋಗಿದ್ದರಿಂದ ಸಭೆಗೆ ಸೇರಿದವರು ಏಳೇ ಜನ. ತಾನು ಹಾಕಿದ್ದು ನೀರಿನ ಫೋಟೋ ಎಂದು ಮಾಲತೇಶ ವಾದಿಸಿದ. ನೀರಿನದ್ದು ಅಕ್ಷರದಲ್ಲೇ ಇರಬೇಕು ಎಂಬ ಬಾಲ ಸೇರಿಸಿದವರು ಯಾರು ಎಂದು ಮೇಷ್ಟ್ರು ಪುಸ್ತಕ ತೆರೆದು ತೋರಿಸಿದರು. ನಿಯಮ ಮುರಿದ ಅಡ್ಮಿನ್ನನ್ನು ಗುಂಪಿನಿಂದ ತೆಗೆಯುವುದೆಂದು ತೀರ್ಮಾನವಾಯಿತು. ಮಾಲತೇಶ ಮನೆಗೆ ಬಂದು ಕೂತ.

ಆದರೆ ಮಲ್ಲಿಕಾರ್ಜುನಪ್ಪನವರು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಬೀಳ್ಕೊಡುಗೆ ಭಾಷಣ ಮಾಡಿದವರು. ಗುಂಪು ಕಟ್ಟಿದ ಮನುಷ್ಯನನ್ನು ಒಂದು ಒಳ್ಳೆಯ ಮಾತಿಲ್ಲದೆ ಕಳಿಸಲು ಮನಸ್ಸು ಬರಲಿಲ್ಲ. ಬೇರೆಯವರದ್ದೆಲ್ಲ ಕಸವಾದರೂ ಇದೊಂದು ಅಗತ್ಯ ಎನ್ನಿಸಿರಬೇಕು. ಮೂರು ವರ್ಷದ ಸೇವೆಯನ್ನು ಹೊಗಳಿ ಉದ್ದಕ್ಕೆ ಬರೆದು, ಮೇಲೆ ಮಾಲತೇಶನ ಫೋಟೋ ಹಾಕಿದರು.

ನಯನಳ ಮೊಬೈಲು ಕಿಣಿಕಿಣಿ ಎನ್ನತೊಡಗಿತು. ಅವಳು ನೋಡಿ ಬೆಚ್ಚಿದಳು, ಗಂಡನನ್ನು ಮುಟ್ಟಿ ನೋಡಿದಳು. ಫೋಟೋದ ಕೆಳಗೆ ಓಂ ಶಾಂತಿ ಸುರಿಯುತ್ತಿತ್ತು. ಬೆಳಗ್ಗೆ ಬಂದದ್ದು ತಪ್ಪು ಫೋಟೋ, ಈಗ ಸರಿಯಾದದ್ದು ಬಂತು ಎಂದು ಒಬ್ಬರು ವಿವರಿಸಿದ್ದರು. ಬೈಕನ್ನು ಹಾಗೆ ಓಡಿಸುವಾಗಲೇ ಅಂದುಕೊಂಡೆ ಎಂದು ಇನ್ನೊಬ್ಬರು. ನೀರುಗಂಟಿ ತೋಟಪ್ಪ, ನಾಳೆ ಬೆಳಗ್ಗೆ ಆರರಿಂದ ನೀರು ಪೂರ್ತಿ ಮಾಲತೇಶನ ಗದ್ದೆಗೆ ಎಂದು ಹಾಕಿದ. ನಾವು ಹದಿನಾಲ್ಕು ಜನ ಬರುತ್ತೇವೆ, ಅಜ್ಜನ ಸಸಿ ಕಿತ್ತು ಹಚ್ಚುತ್ತೇವೆ, ಪಾಪ, ಬೆಳಗ್ಗೆ ಅಣ್ಣನ ಮಾತು ಕೇಳಲಿಲ್ಲ ಎಂದು ನಾಗವೇಣಿ ಅಳುವ ದನಿಯಲ್ಲಿ ಹೇಳಿ ಕಳಿಸಿದ್ದಳು.

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ನಯನ ಎದ್ದು ಕದದ ಚಿಲಕ ಹಾಕಿದಳು.

"ನಾಳೆ ನಾಟಿ ಮುಗಿಯೋ ತನಕ ನೀವು ಹೊರಗೆ ಬರಬೇಡಿ," ಎಂದಳು.

ಮಾಲತೇಶ 'ಛೆ' ಎನ್ನಲು ಬಾಯಿ ತೆರೆದ. ಸೊರಬದ ಹೋಟೆಲು ನೆನಪಾಯಿತು, ಬಾಯಿ ಮುಚ್ಚಿಕೊಂಡ. ಒಳಕೋಣೆಯ ಭತ್ತದ ಚೀಲಗಳ ಹಿಂದೆ ಹೋಗಿ ಕೂತ. ಅಲ್ಲಿಯ ಧೂಳಿಗೆ ಕೆಮ್ಮು ಬಂತು. ಬಾಯಿಗೆ ಟವೆಲು ತುರುಕಿ ಕೆಮ್ಮನ್ನು ತಡೆದುಕೊಂಡ. ಆ ದಿನದಲ್ಲಿ ಮೊದಲ ಬಾರಿಗೆ ಅವನಿಗೆ ಹಾಯೆನಿಸಿತು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕೋಲಿನ ಸದ್ದಾಯಿತು. ಚೌಡಪ್ಪಜ್ಜ ಏದುಸಿರು ಬಿಡುತ್ತ ಜಗಲಿಯ ಮೇಲೆ ಕೂತು ನಯನಳನ್ನು ಕರೆದ. ಅವಳು ಚಿಲಕ ತೆಗೆದು ಹೊರಗೆ ಬಂದಳು.

"ಹೆದರಬ್ಯಾಡ ತಾಯಿ. ನಾನು ಮನಿಮನಿಗೆ ಹೋಗಿ ಹೇಳಿ ಬಂದೀನಿ, ಮಾಲ್ತೇಶ ಬದುಕ್ಯಾನೆ ಅಂತ. ತೋಟಪ್ಪಗೂ ಹೇಳೀನಿ, ನೀರು ತಿರುಗಿಸಬ್ಯಾಡ ಅಂದೀನಿ. ನಾಗವೇಣಿಗೆ ಮಮತನ ಕೈಲಿ ಫೋನು ಮಾಡಿಸೀನಿ. ಮೊದಲು ಒಬ್ಬರೂ ನಂಬಲಿಲ್ಲ. ನನ್ನ ನೋಡ್ರಿ, ನಾನೂ ಬೆಳಿಗ್ಗಿ ಸತ್ತಿದ್ದೆ ಅಂದೆ. ಆಮ್ಯಾಲೆ ನಂಬಿದರು."

ಅಜ್ಜ ಟವೆಲಿನಿಂದ ಕಣ್ಣೊರೆಸಿಕೊಂಡ.

"ನನ್ನ ಜೀವ ಐತಿ ಅಂತ ಹೇಳಾಕ ಅವನು ಸೊರಬದ ತನಕ ಬಂದಿದ್ದ. ನಾನು ಅವಗ ಇಷ್ಟೂ ಮಾಡದಿದ್ರೆ ಹೆಂಗ?"

ಒಳಗೆ ಭತ್ತದ ಚೀಲಗಳ ಹಿಂದಿನಿಂದ, ಅಷ್ಟು ಹೊತ್ತು ತಡೆದಿಟ್ಟಿದ್ದ ಕೆಮ್ಮು ಒಂದೇ ಸಲಕ್ಕೆ ಹೊರಗೆ ಬಂತು.

"ಕೇಳಿದ್ಯಾ," ಎಂದ ಅಜ್ಜ ಸಮಾಧಾನದಿಂದ, "ನಾನು ಹೇಳಲಿಲ್ಲಾ?"